ಉಚಿತವಾಗಿ ಹಂಚಿದರೂ ಒಡೆತನ ಬಿಡದ ಸಹೋದರರು

ಸರಕನ್ನು ಉಚಿತವಾಗಿ ಕೊಟ್ಟು ವ್ಯಾಪಾರ ನಡೆಸಬಹುದೆಂದರೆ ನಮ್ಮ ವರ್ತಕ ಬಾಂಧವರು ನಕ್ಕುಬಿಡಬಹುದು. ಆದರೆ ಅಮೆರಿಕದ ಅಟ್ಲಾಂಟಾ ನಗರದ ಮೈಕ್ ಮತ್ತು ಮ್ಯಾಟ್ ಚಾಪ್‌ಮನ್ ಎಂಬ ಸಹೋದರರು ಜನರನ್ನು ನಗಿಸುವುದನ್ನೇ ಕಸುಬಾಗಿಸಿಕೊಂಡು, ಆ ನಗೆಯನ್ನು ಉಚಿತವಾಗಿ ಹಂಚುತ್ತಲೇ ವರ್ಷಾನುಗಟ್ಟಲೆ ಜೀವನ ಸಾಗಿಸಿದರು. ಅವರ ವೃತ್ತಿಜೀವನವನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ಪರಿಶೀಲಿಸುವುದು ಸಣ್ಣ ಉದ್ಯಮಿಗಳಿಗೆ ಉಪಯುಕ್ತವೆಂದು ನನ್ನ ಅಭಿಪ್ರಾಯ.

1996ರಲ್ಲಿ ಮೈಕ್ ಮತ್ತು ಅವರ ಸ್ನೇಹಿತ ಕ್ರೇಗ್ ಝೋಬೆಲ್ ವಿನೋದಕ್ಕಾಗಿ ರಚಿಸಿದ ಮಕ್ಕಳ ಚಿತ್ರಪುಸ್ತಕವೊಂದರಲ್ಲಿ ಹೋಮ್‌ಸ್ಟಾರ್ ರನ್ನರ್ ಎಂಬ ಪಾತ್ರ ಹುಟ್ಟಿತು. 2000ರಲ್ಲಿ ಸಹೋದರರು ಅದೇ ಹೆಸರಿನ ಅಂತರಜಾಲ ತಾಣವನ್ನು ತೆರೆದರು. ಫ್ಲ್ಯಾಷ್ ಎಂಬ ತಂತ್ರಾಂಶದ ನೆರವಿನಿಂದ ತಾವೇ ಬರೆದು, ತಾವೇ ಚಿತ್ರಿಸಿ, ಚಿಕ್ಕ ಹಾಸ್ಯಚಿತ್ರಗಳನ್ನು ಪ್ರಕಟಿಸತೊಡಗಿದರು. ಬಹುತೇಕ ಪಾತ್ರಗಳಿಗೆ ಮ್ಯಾಟ್ ಅವರದೇ ಧ್ವನಿ. 2001ರಿಂದ ಸ್ಟ್ರಾಂಗ್ ಬ್ಯಾಡ್ ಎಂಬ ಮುಖವಾಡಧಾರಿ ಜಂಬಗಾರ ಪ್ರೇಕ್ಷಕರ ಪತ್ರಗಳಿಗೆ ಕುಹಕದ ಉತ್ತರ ಕೊಡುವ ಮಾಲಿಕೆ ಆರಂಭವಾಗಿ, 200ಕ್ಕೂ ಹೆಚ್ಚು ಕಂತುಗಳಿಗೆ ಬೆಳೆಯಿತು.

ತಾಣದಲ್ಲಿ ಚಂದಾ ಇರಲಿಲ್ಲ, ಅನ್ಯರ ಜಾಹೀರಾತಿಗೂ ಅವಕಾಶವಿರಲಿಲ್ಲ. ಹಾಗಾದರೆ ಜಮಾ ಬದಿಯಲ್ಲಿ ಇದ್ದುದೇನು? ಪಾತ್ರಗಳ ಚಿತ್ರವಿದ್ದ ಟೀ ಶರ್ಟುಗಳು, ಡಿವಿಡಿಗಳು, ಗೊಂಬೆಗಳು. ಚಿತ್ರವು ಗಿರಾಕಿಯನ್ನು ಕರೆತಂದಿತು. ಪದಾರ್ಥವು ಹಣ ತಂದಿತು. ದೂರದರ್ಶನದವರ ಆಹ್ವಾನಗಳನ್ನು ಸಹೋದರರು ಒಪ್ಪಲಿಲ್ಲ. ದೊಡ್ಡ ಸಿಬ್ಬಂದಿ ಕಟ್ಟಿಕೊಂಡು ಮೂಗಿಗಿಂತ ಮೂಗುತಿ ಭಾರವಾಗುವ ಸ್ಥಿತಿಯನ್ನೂ ತಂದುಕೊಳ್ಳಲಿಲ್ಲ.

ಹಕ್ಕು ಮಾರಿದ್ದರೆ ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಬರುತ್ತಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆ ನಿರಾಧಾರವಲ್ಲ. 2010ರ ಡಿಸೆಂಬರಿನ ನಂತರ ತಾಣದಲ್ಲಿ ಹೊಸ ಚಿತ್ರಗಳು ನಿಂತೇಹೋದವು. ಇಬ್ಬರೂ ಇತರರ ದೂರದರ್ಶನ ಕಾರ್ಯಕ್ರಮಗಳಿಗೆ ದುಡಿದರು. ಸ್ವತಂತ್ರ ಕಸುಬಿನಲ್ಲಿ ಕೈ ನಿಂತೊಡನೆ ಹೊಸ ಸರಕೂ ನಿಲ್ಲುವುದು ನಿಜ.

ಆದರೆ ಮುಂದಿನ ಪುಟಗಳನ್ನೂ ನೋಡಬೇಕು. 2014ರ ಏಪ್ರಿಲ್ 1ರಂದು ಅವರು ಹೊಸ ಚಿತ್ರದೊಡನೆ ಹಿಂದಿರುಗಿದಾಗ ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. 2003ರ ಒಂದು ಕಂತಿನಲ್ಲಿ ಗೀಚಿದಂತೆ ಬರೆದ ಟ್ರಾಗ್‌ಡೋರ್ ಎಂಬ ಡ್ರ್ಯಾಗನ್‌ನ ಹೆಸರಿನಲ್ಲಿ 2018ರಲ್ಲಿ ಮಣೆಯಾಟವೊಂದನ್ನು ಸಿದ್ಧಪಡಿಸಲು ಅವರು ಕಿಕ್‌ಸ್ಟಾರ್ಟರ್ ಮೂಲಕ ಮುಂಗಡ ಕೋರಿದರು. ಸುಮಾರು 14 ಲಕ್ಷ ಡಾಲರು ಸಂಗ್ರಹವಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿದ್ದ ಅಂಗಡಿಗೆ ಗಿರಾಕಿಗಳು ಈ ರೀತಿ ಮರಳುವುದುಂಟೇ? ಹದಿನೈದು ವರ್ಷ ಹಳೆಯದಾದ ಯಂತ್ರವೊಂದು ಸವಕಳಿಯ ಬಳಿಕ ಇಷ್ಟು ಬೆಲೆ ತರುವುದುಂಟೇ?

2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಫ್ಲ್ಯಾಷ್‌ಗೆ ಬೆಂಬಲ ನಿಲ್ಲಿಸಿದಾಗ, ಒಂದೇ ಪೂರೈಕೆದಾರನನ್ನು ನಂಬುವುದರ ಅಪಾಯವೂ ಎದುರಾಯಿತು. ಮೂಲ ಕಡತಗಳು ಸಹೋದರರ ಬಳಿಯೇ ಇದ್ದುದರಿಂದಲೂ, ರಫಲ್ ಎಂಬ ಮುಕ್ತ ತಂತ್ರಾಂಶ ಲಭ್ಯವಾದುದರಿಂದಲೂ ಹಳೆಯ ಚಿತ್ರಗಳು ಮತ್ತೆ ತೆರೆದುಕೊಂಡವು.

ಸಂಸ್ಥೆಯೊಳಗೇ ಬೆಳೆದ ಬ್ರ್ಯಾಂಡನ್ನು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯೆಂದು ತೋರಿಸಲು ನಮ್ಮ ಲೆಕ್ಕಪತ್ರ ಮಾನದಂಡ 26 ಅನುಮತಿಸುವುದಿಲ್ಲ. ಪಟ್ಟಿಯಲ್ಲಿ ಕಾಣದ ಈ ಆಸ್ತಿಯನ್ನು ನಾವು ಸುಲಭವಾಗಿ ಬಿಟ್ಟುಕೊಡುವುದಕ್ಕೆ ಅದೂ ಒಂದು ಕಾರಣವಿರಬಹುದು. 1957ರ ಹಕ್ಕುಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು; ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೇ ಪರಿಗಣಿತವಾಗುತ್ತದೆ. ಚಿತ್ರ, ವಿನ್ಯಾಸ ಅಥವಾ ಹೆಸರು ಬರೆಸುವವರೂ ಬರೆಯುವವರೂ ಈ ಕಲಮನ್ನು ಓದಿಕೊಂಡೇ ಕಾಗದಕ್ಕೆ ಸಹಿ ಹಾಕುವುದು ಲೇಸು. ದೊಡ್ಡ ಗಿರಾಕಿಯೊಬ್ಬರು ನಿಮ್ಮ ಸರಕಿನೊಡನೆ ನಿಮ್ಮ ಹೆಸರನ್ನೂ ಕೇಳಿದಾಗ, ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟಿದ ಮೇಲೆಯೇ ಉತ್ತರಿಸಿರಿ.