ಹೆಲ್ಮೆಟ್ ತಲೆಗೋ, ಪೊಲೀಸರ ಕಣ್ಣಿಗೋ?

ಬೆಳಿಗ್ಗೆ ಒಂಬತ್ತೂವರೆ ಗಂಟೆ. ದಾವಣಗೆರೆಯ ಪಿ.ಬಿ. ರಸ್ತೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಹೆಲ್ಮೆಟ್ ಕೂರಿಸಿಕೊಂಡು ಬರುವ ಹುಡುಗನಿಗೆ ಗಾಂಧಿ ಸರ್ಕಲ್ ಹತ್ತಿರ ಬಿಳಿ ಅಂಗಿ, ಖಾಕಿ ಪ್ಯಾಂಟು ಕಾಣುತ್ತದೆ. ಎಡಗೈಯಲ್ಲಿ ಹೆಲ್ಮೆಟ್ ಎತ್ತಿ ತಲೆ ಮೇಲೆ ಇಟ್ಟುಕೊಳ್ಳುತ್ತಾನೆ. ಇಟ್ಟುಕೊಳ್ಳುತ್ತಾನೆ ಅಷ್ಟೆ, ಹಾಕಿಕೊಳ್ಳುವುದಿಲ್ಲ. ಗದ್ದದ ಪಟ್ಟಿ ಗಾಳಿಗೆ ಜೋತಾಡುತ್ತಿರುತ್ತದೆ. ಸರ್ಕಲ್ ದಾಟಿದ ಮೇಲೆ ಹೆಲ್ಮೆಟ್ ಮತ್ತೆ ಟ್ಯಾಂಕಿನ ಮೇಲೆ. ಪೊಲೀಸಪ್ಪನಿಗೆ ಸಮಾಧಾನ. ಹುಡುಗನಿಗೆ ಐನೂರು ರೂಪಾಯಿ ಉಳಿತಾಯ. ತಲೆಯನ್ನು ಕೇಳಿದವರು ಯಾರೂ ಇಲ್ಲ.

ಇದು ಒಬ್ಬ ಹುಡುಗನ ಕತೆಯಲ್ಲ. ಮಂಡಿಪೇಟೆಯ ವ್ಯಾಪಾರಿ, ವಿದ್ಯಾನಗರದ ಮೇಷ್ಟ್ರು, ಹರಿಹರದಿಂದ ದಿನಾ ಓಡಾಡುವ ಗುಮಾಸ್ತ, ಎಲ್ಲರದೂ ಇದೇ ಲೆಕ್ಕ. ಹೆಲ್ಮೆಟ್ ಎಂದರೆ ದಂಡ ತಪ್ಪಿಸುವ ಒಂದು ಸಾಮಾನು. ಹೀಗಿರುವಾಗ ಅದನ್ನು ಕೊಳ್ಳುವ ರೀತಿಯೂ ಹಾಗೆಯೇ ಇರುತ್ತದೆ.

ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿದ ಟೋಪಿ ಹೆಲ್ಮೆಟ್ಟುಗಳ ಮುಂದೆ ಗಾಡಿ ನಿಲ್ಲುತ್ತದೆ. ಇಳಿಯುವುದೂ ಇಲ್ಲ, ಗಾಡಿ ಮೇಲೆ ಕೂತೇ ಕೇಳುತ್ತಾರೆ.

“ಎಷ್ಟರಿಂದ ಐತಪ್ಪಾ?”

“ನೂರೈವತ್ತರಿಂದ ಐತೆ ಯಜಮಾನ್ರೆ. ತಗಳ್ರಿ, ಪೊಲೀಸ್ನೋರು ಹಿಡಿಯಂಗಿಲ್ಲ, ಗ್ಯಾರಂಟಿ.”

ತಲೆ ಒಡೆಯಂಗಿಲ್ಲ ಎಂಬ ಗ್ಯಾರಂಟಿಯನ್ನು ಆತ ಕೊಡುವುದಿಲ್ಲ. ಗಿರಾಕಿ ಕೇಳುವುದೂ ಇಲ್ಲ. ಮುನ್ನೂರು ರೂಪಾಯಿಯ ಚಪ್ಪಲಿ ಕೊಳ್ಳುವಾಗ ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದು, ಹೆಬ್ಬೆಟ್ಟು ಒತ್ತುತ್ತದೆಯೇ ಎಂದು ನೋಡುವ ಜನ ಇವರು. ತಲೆಗೆ ಮಾತ್ರ ಅಳತೆ ಬೇಡವೇ ಸ್ವಾಮಿ?

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ ಇದೆ. ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಈ ಐವತ್ತು ಸಾವಿರದಲ್ಲಿ 14,337 ಮಂದಿ ಹಿಂದೆ ಕೂತವರು. ಹೆಲ್ಮೆಟ್ಟಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೂ ಉತ್ತರ ಬಂದಾಗಿದೆ. ನಾನಾ ದೇಶಗಳ 61 ಅಧ್ಯಯನಗಳನ್ನು ಒಟ್ಟಿಗಿಟ್ಟು ಕೊಕ್ರೇನ್ ಸಂಸ್ಥೆ 2008ರಲ್ಲಿ ಹೇಳಿದ್ದು ಇಷ್ಟು: ಹೆಲ್ಮೆಟ್ ಇದ್ದವರಲ್ಲಿ ಸಾವು ಶೇ. 42ರಷ್ಟು, ತಲೆಪೆಟ್ಟು ಶೇ. 69ರಷ್ಟು ಕಡಿಮೆ. ಆದರೆ ಈ ಲಾಭ ಸಿಗಬೇಕಾದರೆ ಬೀಳುವ ಹೊತ್ತಿಗೆ ಹೆಲ್ಮೆಟ್ ತಲೆಯಲ್ಲೇ ಇರಬೇಕು. ಸಡಿಲವಾದದ್ದು ಇರುವುದಿಲ್ಲ. ತಲೆ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ ಬಿದ್ದಿರುವುದನ್ನು ಹೈವೇ ಪಕ್ಕದ ಜನ ನೋಡದವರಲ್ಲ.

ಕಾನೂನು ಏನು ಹೇಳುತ್ತದೆ?

ತಮಾಷೆ ಎಂದರೆ, ಕಾನೂನು ಬರೆದವರಿಗೆ ಈ ವಿಷಯ ಮೊದಲೇ ಗೊತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನು, ಹೆಲ್ಮೆಟ್ಟನ್ನು ಅದರ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದೇ ಹೇಳುತ್ತದೆ. ಅಂದಮೇಲೆ ಪಟ್ಟಿ ಕಟ್ಟದ ಹೆಲ್ಮೆಟ್ ಕಾನೂನಿನ ಕಣ್ಣಲ್ಲಿ ಹೆಲ್ಮೆಟ್ಟೇ ಅಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 2019ರ ತಿದ್ದುಪಡಿ ನಾಲ್ಕು ವರ್ಷ ಮೀರಿದ ಮಕ್ಕಳನ್ನೂ ಸೇರಿಸಿತು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ಅಪರಾಧ. ಕಾನೂನಿಗೆ ಕೊರತೆ ಇಲ್ಲ. ಆದರೂ ಹಗ್ಗಕ್ಕೆ ನೇತುಬಿದ್ದ ಟೋಪಿಗಳು ಹಗಲು ಹೊತ್ತಿನಲ್ಲೇ ಮಾರಾಟವಾಗುತ್ತವೆ. ಕೊಂಡವನಿಗೆ ದಂಡ, ಮಾರಿದವನಿಗೆ ಲಾಭ. ಇದು ಯಾವ ಊರಿನ ನ್ಯಾಯ?

ಹೊಸ ಗಾಡಿ ಕೊಂಡವರ ಪಾಡೂ ಬೇರೆಯಲ್ಲ. ಗಾಡಿ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕು ಎಂದು ಕೇಂದ್ರದ ನಿಯಮವೇ ಇದೆ. ಶೋರೂಮಿನಲ್ಲಿ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕೀಲಿ ಕೈಗೆ ಕೊಟ್ಟು, ಜೊತೆಗೆ ಒಂದು ಹೆಲ್ಮೆಟ್ ಕೊಟ್ಟು ಕಳಿಸುತ್ತಾರೆ. “ಬಣ್ಣ ಯಾವುದು ಬೇಕಣ್ಣಾ?” ಎಂದು ಕೇಳಿಯಾರು. “ತಲೆ ಎಷ್ಟು ಸೆಂಟಿಮೀಟರು?” ಎಂದು ಕೇಳಿದ ಶೋರೂಮನ್ನು ಹುಡುಕಬೇಕು.

ಅಳತೆ ಹೇಗೆ?

ದೊಡ್ಡ ವಿದ್ಯೆಯೇನಲ್ಲ. ದರ್ಜಿಯ ಟೇಪು ಸಾಕು. ಹುಬ್ಬಿನಿಂದ ಸುಮಾರು ಒಂದು ಇಂಚು ಮೇಲೆ ಹಿಡಿದು, ಕಿವಿಗಳ ಮೇಲಿಂದ ಹಾಯಿಸಿ, ಹಿಂದಲೆಯ ಉಬ್ಬಿದ ಭಾಗದ ಸುತ್ತ ತಂದರೆ ಸುತ್ತಳತೆ ಸಿಕ್ಕಿತು. 58 ಬಂದರೆ 58, 60 ಬಂದರೆ 60. ಕೇವಲ ‘ಎಂ’, ‘ಎಲ್’ ಅಕ್ಷರ ನಂಬಿ ಕೊಳ್ಳಬಾರದು. ಒಂದು ಕಂಪನಿಯ ‘ಎಲ್’ ಇನ್ನೊಂದು ಕಂಪನಿಯ ‘ಎಂ’ ಆಗಿರಬಹುದು. ಒಳಗಿನ ಚೀಟಿಯ ಮೇಲೆ 580, 600 ಎಂದು ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ, ಅದನ್ನು ಓದಬೇಕು.

ಅಳತೆ ಸರಿಯಾದರೆ ಮುಗಿಯಲಿಲ್ಲ. ತಲೆಗಳು ಒಂದೇ ಆಕಾರದವಲ್ಲ. ಕೆಲವರದು ಗುಂಡು, ಕೆಲವರದು ಉದ್ದ. ಉದ್ದ ತಲೆಯವನು ಗುಂಡು ಹೆಲ್ಮೆಟ್ ಹಾಕಿದರೆ ಹಣೆ ಒತ್ತುತ್ತದೆ, ಕಪಾಲದ ಪಕ್ಕ ಖಾಲಿ ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲೇ ಹಾಕಿ, ಪಟ್ಟಿ ಬಿಗಿದು, ಹತ್ತು ನಿಮಿಷ ಕೂರಬೇಕು. ಹೊಸ ಹೆಲ್ಮೆಟ್ಟಿನಲ್ಲಿ ಗಲ್ಲ ಸ್ವಲ್ಪ ಒತ್ತಿ ಕಡುಬಿನ ಹಾಗೆ ಉಬ್ಬಿದರೆ ಗಾಬರಿ ಬೇಡ. ಒಳಗಿನ ಸ್ಪಂಜು ದಿನ ಕಳೆದಂತೆ ಕೂರುತ್ತದೆ. ಇವತ್ತೇ ಆರಾಮಾಗಿದ್ದದ್ದು ಆರು ತಿಂಗಳಿಗೆ ಗಡಿಗೆಯಾಗುತ್ತದೆ. ಆದರೆ ಹಣೆಯ ಒಂದೇ ಜಾಗದಲ್ಲಿ ನೋವು ಕಂಡರೆ, ತೆಗೆದಾಗ ಕೆಂಪು ಗೆರೆ ಬಿದ್ದಿದ್ದರೆ, ಆ ಹೆಲ್ಮೆಟ್ ಬೇರೆಯವರ ತಲೆಯದು.

ಆಮೇಲೆ ಎರಡು ಪರೀಕ್ಷೆ. ತಲೆಯನ್ನು ಎಡಕ್ಕೆ, ಬಲಕ್ಕೆ ಆಡಿಸಬೇಕು. ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಎಳೆದುಕೊಂಡು ಹೋಗಬೇಕು. ತಲೆ ತಿರುಗಿ ಹೆಲ್ಮೆಟ್ ಅಲ್ಲೇ ನಿಂತರೆ ಅದು ದೊಡ್ಡದು. ಎರಡನೆಯದು, ಪಟ್ಟಿ ಬಿಗಿದ ಮೇಲೆ ಜೊತೆಗಿರುವವರು ಹಿಂದಿನಿಂದ ಮೇಲಕ್ಕೆ, ಮುಂದಕ್ಕೆ ತಳ್ಳಬೇಕು. ಕಣ್ಣ ಮೇಲೆ ಜಾರಿ ಕಳಚಿ ಬಂದರೆ ಬೀಳುವಾಗಲೂ ಹಾಗೆಯೇ ಬರುತ್ತದೆ. ಗದ್ದಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ತೂರಬೇಕು, ಮೂರನೆಯದಕ್ಕೆ ಜಾಗ ಇರಬಾರದು.

ಇಷ್ಟೆಲ್ಲ ಯಾಕೆ ಎನ್ನುವವರು ಹೆಲ್ಮೆಟ್ ಒಳಗೆ ಕೈ ಹಾಕಿ ನೋಡಲಿ. ಜೀವ ಉಳಿಸುವುದು ಹೊರಗಿನ ಚಿಪ್ಪೊಂದೇ ಅಲ್ಲ, ಒಳಗಿರುವ ದಪ್ಪ ಥರ್ಮಾಕೋಲು. ಪೆಟ್ಟು ಬಿದ್ದಾಗ ಅದು ತಾನು ಅಪ್ಪಚ್ಚಿಯಾಗಿ ಮಿದುಳಿಗೆ ಹೋಗುವ ಹೊಡೆತವನ್ನು ಕಮ್ಮಿ ಮಾಡುತ್ತದೆ. ನಡುವೆ ಸಂದು ಇದ್ದರೆ ಮೊದಲು ಹೆಲ್ಮೆಟ್ ನೆಲಕ್ಕೆ, ಆಮೇಲೆ ತಲೆ ಹೆಲ್ಮೆಟ್ಟಿಗೆ ಹೊಡೆಯುತ್ತದೆ. ಒಮ್ಮೆ ಅಪ್ಪಚ್ಚಿಯಾದ ಥರ್ಮಾಕೋಲು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ಸಲ ಬಿದ್ದು ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಬಣ್ಣ ಹೋಗದಿದ್ದರೂ, ಗುಜರಿಗೆ.

ಮುಖ ಎತ್ತುವ ಹೆಲ್ಮೆಟ್

ಈಗ ಅಂಗಡಿಗಳಲ್ಲಿ ಮಾಡ್ಯುಲರ್ ಎಂಬ ಮಾಲು ಓಡುತ್ತಿದೆ. ಗುಂಡಿ ಒತ್ತಿದರೆ ದವಡೆಯ ಭಾಗ ಪೂರಾ ಮೇಲೆ ಏಳುತ್ತದೆ. ಕನ್ನಡಕ ಹಾಕುವವರಿಗೆ, ಹತ್ತು ಅಂಗಡಿ ಮುಂದೆ ನಿಂತು ಮಾತಾಡಬೇಕಾದ ಮಾರಾಟದವರಿಗೆ, ಹೇಳದೇ ಇದ್ದರೂ ಎಲೆ-ಅಡಿಕೆ ಹಾಕುವ ಚನ್ನಗಿರಿ ಕಡೆಯವರಿಗೆ ಇದು ಭಾರೀ ಅನುಕೂಲ. ಅಪಘಾತವಾದಾಗಲೂ ಪ್ರಯೋಜನ ಇದೆ. ಬಿದ್ದವನ ಹೆಲ್ಮೆಟ್ಟನ್ನು ಗುಂಪಿನಲ್ಲಿ ಯಾರೋ ಎಳೆದು ಕೀಳುವುದು ಕುತ್ತಿಗೆಗೆ ಅಪಾಯ. ಇದರಲ್ಲಿ ದವಡೆ ಎತ್ತಿದರೆ ಸಾಕು, ಉಸಿರು ಇದೆಯೇ ನೋಡಬಹುದು. ದೂರದಿಂದ ತರಿಸಬೇಕಾದ ಸಾಮಾನೂ ಅಲ್ಲ. ಇದೇ ರಾಜ್ಯದ ಬೆಳಗಾವಿಯ ವೇಗಾ ಕಂಪನಿ ಇಂಥವನ್ನು ಮಾಡಿ ಮಾರುತ್ತಿದೆ.

ಆದರೆ ಅನುಕೂಲದ ಜೊತೆಗೆ ಒಂದು ಮೋಸವೂ ಇದೆ. ಸೆಕೆ ಎಂದು ದವಡೆ ಎತ್ತಿಕೊಂಡೇ ಹೈವೇಯಲ್ಲಿ ಹೋಗುವವರು ಪೂರ್ತಿ ಹೆಲ್ಮೆಟ್ಟಿಗೆ ದುಡ್ಡು ಕೊಟ್ಟು ಅರ್ಧ ಹೆಲ್ಮೆಟ್ಟಿನಲ್ಲಿ ಪ್ರಯಾಣ ಮಾಡುತ್ತಿದ್ದಾರೆ. ಮೇಲೆದ್ದ ಭಾಗ ಗಾಳಿಗೆ ಸಿಕ್ಕಿ ಕತ್ತನ್ನು ಹಿಂದಕ್ಕೆ ಎಳೆಯುತ್ತದೆ. ಮುಖ ಅಡಿಯಾಗಿ ಬಿದ್ದರೆ ದವಡೆಗೆ ಏನೂ ಅಡ್ಡ ಇರುವುದಿಲ್ಲ. ಯುರೋಪಿನ ಪರೀಕ್ಷೆ ಪಾಸಾದ ಮಾಲಿನ ಮೇಲೆ ‘ಪಿ/ಜೆ’ ಎಂದಿದ್ದರೆ ಮುಚ್ಚಿಯೂ, ತೆರೆದೂ ಪರೀಕ್ಷಿಸಿದ್ದು ಎಂದು ಅರ್ಥ. ಅದು ಇಲ್ಲದಿದ್ದರೆ ಓಡಿಸುವಾಗ ಮುಚ್ಚಿಯೇ ಇರಬೇಕು.

ಕೊಳ್ಳುವಾಗ ಇದಕ್ಕೆ ಇನ್ನೂ ನಾಲ್ಕು ಪರೀಕ್ಷೆ ಹೆಚ್ಚು. ಕೀಲು, ಲಾಕು ಇರುವುದರಿಂದ ತೂಕ ಜಾಸ್ತಿ. ಕೈಯಲ್ಲಿ ತೂಗಿದರೆ ತಿಳಿಯುವುದಿಲ್ಲ, ತಲೆ ಮೇಲೆ ಹತ್ತು ನಿಮಿಷ ಇದ್ದರೆ ಕತ್ತು ಹೇಳುತ್ತದೆ. ದವಡೆ ಮುಚ್ಚಿದಾಗ ಎರಡೂ ಕಡೆ ಲಾಕು ಕೂತ ಸದ್ದು ಬರಬೇಕು. ಆಮೇಲೆ ಕೈಯಿಂದ ಬಲವಾಗಿ ಎಳೆದು ನೋಡಬೇಕು, ಬಿಚ್ಚಬಾರದು. ಲಾಕಿನ ಕೊಕ್ಕೆ ಲೋಹದ್ದಾದರೆ ಒಳ್ಳೆಯದು, ಪ್ಲಾಸ್ಟಿಕ್ಕಿನದು ಸವೆಯುತ್ತದೆ. ಮುಚ್ಚಿದಾಗ ಗದ್ದ ಒಳಭಾಗಕ್ಕೆ ತಾಗಬಾರದು. ತೆರೆದಿದ್ದಾಗ ಹಾಯಾಗಿ ಕೂತದ್ದು ಮುಚ್ಚಿದ ಕೂಡಲೇ ಗಲ್ಲ ಹಿಂಡುವುದೂ ಉಂಟು. ಕನ್ನಡಕದವರು ಕನ್ನಡಕ ಹಾಕಿಯೇ ನೋಡಬೇಕು.

ಐಎಸ್‌ಐ ಗುರುತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಐಎಸ್ 4151 ಎಂಬ ಸಂಖ್ಯೆಯ ಜೊತೆಗೆ ಕೆಳಗೆ ಸಿಎಂ/ಎಲ್ ಎಂದು ಲೈಸೆನ್ಸ್ ನಂಬರು ಇರಬೇಕು. ಆ ನಂಬರನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದು ಎಂದು ತೋರಿಸುತ್ತದೆ. ಬರೀ ಸ್ಟಿಕ್ಕರ್ ಇದ್ದು ನಂಬರ್ ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುವುದು ಲೇಸು.

ಕೊನೆಗೆ ಮಕ್ಕಳ ಮಾತು. ಶಾಲೆ ಹೊತ್ತಿನಲ್ಲಿ ಅಪ್ಪನ ತಲೆಗೆ ಹೆಲ್ಮೆಟ್, ಹಿಂದೆ ಕೂತ ಮಗಳ ತಲೆಗೆ ರಿಬ್ಬನ್ನು. ಕೆಲವರು ದೊಡ್ಡವರ ಹೆಲ್ಮೆಟ್ಟನ್ನೇ ಮಗುವಿಗೆ ಮುಚ್ಚುತ್ತಾರೆ. ಅದು ಬಾವಿಗೆ ಹಾಕಿದ ಕೊಡದ ಹಾಗೆ ಕುಲುಕುತ್ತಿರುತ್ತದೆ. ಮಕ್ಕಳ ಅಳತೆಯದು ಕೇಳಿದರೆ “ಅದು ಓಡಂಗಿಲ್ಲ ಸಾರ್, ಅದಕ್ಕೇ ಇಟ್ಟಿಲ್ಲ” ಎನ್ನುತ್ತಾರೆ ಅಂಗಡಿಯವರು. ಕೇಳುವವರು ಹೆಚ್ಚಾದರೆ ಇಡುತ್ತಾರೆ.

ಹಾಗಾದರೆ ಆಗಬೇಕಾದ್ದೇನು? ಪ್ರತಿ ಹೆಲ್ಮೆಟ್ ಅಂಗಡಿಯಲ್ಲಿ, ಪ್ರತಿ ಶೋರೂಮಿನಲ್ಲಿ ಒಂದು ಟೇಪು, ಒಂದು ಕನ್ನಡಿ, ಗಿರಾಕಿ ಹತ್ತು ನಿಮಿಷ ಕೂರಲು ಒಂದು ಸ್ಟೂಲು. ಇದಕ್ಕೆ ಸರಕಾರದ ಯೋಜನೆ ಬೇಕಿಲ್ಲ. ಅಧಿಕಾರಿಗಳು ಕೊಂಡವನನ್ನು ಹಿಡಿಯುವ ಮೊದಲು ಮಾರುವವನ ಹಗ್ಗ ಬಿಚ್ಚಿಸಲಿ. ಸರ್ಕಲ್ಲಿನಲ್ಲಿ ನಿಂತ ಪೊಲೀಸರು ಹೆಲ್ಮೆಟ್ ಇದೆಯೇ ಎಂದು ನೋಡಿದ ಹಾಗೆಯೇ ಪಟ್ಟಿ ಬಿಗಿದಿದೆಯೇ ಎಂದೂ ನೋಡಲಿ. ಬಿಗಿಯದವನಿಗೆ ಮೊದಲ ಸಲ ದಂಡ ಬೇಡ, ಅಲ್ಲೇ ನಿಲ್ಲಿಸಿ ಬಿಗಿಸಿ ಕಳಿಸಿದರೂ ಪುಣ್ಯ ಬಂದೀತು.

ಉಳಿದದ್ದು ಸವಾರರ ಕೆಲಸ. ಇವತ್ತು ಸಂಜೆ ಪತ್ರಿಕೆ ಮಡಿಸಿ ಗಾಡಿ ಏರುವವರು ಕೀಲಿ ತಿರುಗಿಸುವ ಮುಂಚೆ ಗದ್ದದ ಕೆಳಗೆ ಎರಡು ಬೆರಳು ಹಾಕಿ ನೋಡಿಕೊಳ್ಳಲಿ. ಮನೆಯಲ್ಲಿ ಊಟಕ್ಕೆ ಕಾಯುತ್ತಿರುವವರು ಹೆಲ್ಮೆಟ್ಟಿಗಾಗಿ ಕಾಯುತ್ತಿಲ್ಲ.