ಅಡಿಕೆ ‘ಅರೆಕಾ’ ಆಯಿತು, ಬೆಳೆದವನಿಗೇನು ಬಂತು?

ಮೊನ್ನೆ ಜಡೆಯ ಚಹಾದಂಗಡಿಯಲ್ಲಿ ಕುಳಿತಿದ್ದಾಗ ಸಣ್ಣ ವ್ಯಾಪಾರಿಯೊಬ್ಬರು ನಮ್ಮ ಮುಂದೆ ಒಂದು ಕಾಗದ ಹಿಡಿದರು. ಸಾಲದ ಕಾಗದ. ನಾಲ್ಕು ಪುಟ, ಪೂರಾ ಇಂಗ್ಲಿಷು. ಕೊನೆಯಲ್ಲಿ ಮಾತ್ರ ಅವರ ಕನ್ನಡದ ರುಜು. “ಇದರಲ್ಲೇನಿದೆ, ಓದಿ ಹೇಳಿ ಮಾಸ್ತರೇ” ಎಂದರು. ರುಜು ಹಾಕಿ ಎಂಟು ತಿಂಗಳಾಗಿತ್ತು! ಪಕ್ಕದ ಬೆಂಚಿನ ಮೇಲಿದ್ದ ಮಹನೀಯರೊಬ್ಬರು ನಕ್ಕರು: “ಅದು ದೊರೆಗಳ ಭಾಷೆ. ಅಡಿಕೆ, ಶುಂಠಿ, ಬೆಲ್ಲ ತೂಗುವವರಿಗೆ ಅದೆಲ್ಲಿ ದಕ್ಕೀತು?”

ದೊರೆಗಳ ಭಾಷೆಯೇ? ಹಾಗಾದರೆ ಆ ಭಾಷೆಯ ಅಡಿಗೆಮನೆಯನ್ನು ಒಮ್ಮೆ ನೋಡಿಯೇ ಬಿಡೋಣ.

ಇಂಗ್ಲಿಷಿನ ‘ಅರೆಕಾ’ ಎಲ್ಲಿಂದ ಬಂತು? ಮಲೆಯಾಳದ ಅಡಕ್ಕದಿಂದ, ಪೋರ್ಚುಗೀಸರ ಬಾಯಿ ಹಾದು. ನಮ್ಮ ಅಡಿಕೆಯೂ ಆ ಅಡಕ್ಕವೂ ಒಡಹುಟ್ಟುಗಳು. 1753ರಲ್ಲಿ ಲಿನ್ನೇಯಸ್ ಎಂಬ ಪಂಡಿತ ಅದನ್ನೇ ಶಾಸ್ತ್ರದ ಹೆಸರಾಗಿ ಬರೆದಿಟ್ಟ. ಹಲಸಿನ ‘ಜಾಕ್’ ಮಲೆಯಾಳದ ಚಕ್ಕ. ‘ಕಾಪ್ರಾ’ ಎಂದರೆ ಕೊಬ್ಬರಿ. ‘ಶುಗರ್’ ನಮ್ಮ ಶರ್ಕರೆ. ಪಾರಸಿಕರ, ಅರಬರ ಅಂಗಡಿ ಸುತ್ತಿ ಲಂಡನ್ ಸೇರಿತು. ಮಕ್ಕಳು ಚೀಪುವ ‘ಕ್ಯಾಂಡಿ’ ಸಂಸ್ಕೃತದ ಖಂಡ. ‘ಪೆಪ್ಪರ್’ ಎಂಬುದು ಪಿಪ್ಪಲಿ. ‘ಆರೆಂಜ್’ ಎಂಬುದು ನಾರಂಗ. ಮಹನೀಯರು ಹೀಗಳೆದ ಶುಂಠಿಯೂ ಶೃಂಗವೇರವೆಂಬ ಹೆಸರಿನಿಂದ ಹೊರಟು ಗ್ರೀಕರ ನಾಡು ದಾಟಿ ‘ಜಿಂಜರ್’ ಆಗಿದೆ. ತೂಗುವವರ ಮಾತು ದೊರೆಗಳ ತಟ್ಟೆಗೆ ದಕ್ಕಿತು. ದೊರೆಗಳ ಮಾತು ತೂಗುವವರಿಗೆ ದಕ್ಕಬಾರದೇ?

ಇದು ಜಂಬದ ಮಾತಲ್ಲ. ನಾವೂ ಪಡೆದಿದ್ದೇವೆ. ನಮ್ಮ ಪೇರಲ, ಅನಾನಸು, ಕರಾವಳಿಯ ಬಟಾಟೆ, ಇವೆಲ್ಲ ಪೋರ್ಚುಗೀಸರ ಹಡಗಿನಿಂದಿಳಿದ ಹೆಸರುಗಳು. ಕೊಡುವುದು, ಕೊಳ್ಳುವುದು ಸಂತೆಯ ಧರ್ಮ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಇನ್ನು ದೊರೆಗಳ ಕತೆ ಕೇಳಿ. 1066ರಲ್ಲಿ ಫ್ರೆಂಚ್ ಮಾತನಾಡುವ ನಾರ್ಮನರು ಇಂಗ್ಲೆಂಡನ್ನು ಗೆದ್ದರು. ಅಂದಿನಿಂದ ಇಂಗ್ಲಿಷು ದನ ಕಾಯುವವರ ಭಾಷೆಯಾಯಿತು. ಕೊಟ್ಟಿಗೆಯಲ್ಲಿದ್ದಾಗ ಪ್ರಾಣಿಗೆ ಬಡವರ ಹೆಸರು: ‘ಕೌ’, ‘ಶೀಪ್’. ಬೆಂದು ದೊರೆಯ ಮೇಜಿಗೆ ಹೋದಾಗ ಫ್ರೆಂಚ್ ಹೆಸರು: ‘ಬೀಫ್’, ‘ಮಟನ್’. ಸಾಕಿದವನ ಮಾತೊಂದು, ತಿಂದವನ ಮಾತೊಂದು! ನ್ಯಾಯಾಲಯದಲ್ಲಿಯೂ ಫ್ರೆಂಚೇ. ತನ್ನ ಮೇಲಿನ ಆರೋಪವೇನೆಂದು ರೈತನಿಗೆ ತಿಳಿಯುತ್ತಿರಲಿಲ್ಲ. ಜನರಿಗೆ ಅರ್ಥವಾಗದೆಂದು 1362ರಲ್ಲಿ ಕಾನೂನು ಮಾಡಿ, ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಲಿ ಎಂದರು. ಆ ಕಾನೂನನ್ನೇ ಬರೆದದ್ದು ಫ್ರೆಂಚಿನಲ್ಲಿ! ನಮ್ಮ ಕಚೇರಿಗಳ ನೆನಪಾಗುವುದಿಲ್ಲವೇ?

‘ಲಾರ್ಡ್’ ಎಂಬ ಪದ ಬಿಡಿಸಿ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ರೊಟ್ಟಿಯ ಕಾವಲುಗಾರ. ‘ಲೇಡಿ’ ಎಂದರೆ ರೊಟ್ಟಿಯ ಹಿಟ್ಟು ನಾದುವವಳು. ಮನೆಯ ಆಳಿಗೆ ಅವರಿಟ್ಟ ಹೆಸರು ‘ರೊಟ್ಟಿ ತಿನ್ನುವವನು’. ಬಿತ್ತಿ ಬೆಳೆದವನು ಕೇವಲ ತಿನ್ನುವವನಾದ. ಬೀಗದ ಕೈ ಹಿಡಿದವನು ದೊರೆಯಾದ. ಗಿರಣಿಯಲ್ಲಿ ದುಡಿಯುವ ಅಣ್ಣಂದಿರಿಗೆ ಇದನ್ನು ಬಿಡಿಸಿ ಹೇಳಬೇಕೆ?

‘ಕಂಪನಿ’ ಎಂಬ ಪದದ ಬೇರಿನಲ್ಲಿಯೂ ರೊಟ್ಟಿಯೇ ಇದೆ. ಲ್ಯಾಟಿನ್ನಿನಲ್ಲಿ ಅದು ರೊಟ್ಟಿ ಹಂಚಿಕೊಂಡು ಕೂಡಿ ಉಣ್ಣುವವರು ಎಂಬ ಮಾತಿನಿಂದ ಹುಟ್ಟಿತು. ಎಂಥ ಒಳ್ಳೆಯ ಮಾತು! 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ ಯಾರೊಡನೆ ಕೂಡಿ ಉಂಡಿತು? 1830-31ರಲ್ಲಿ ಕಂದಾಯದ ಭಾರ ತಾಳದೆ ನಮ್ಮ ನಗರ ಸೀಮೆಯ ರೈತರು ದಂಗೆ ಎದ್ದಾಗ, ಅಡಗಿಸಲು ಬಂದದ್ದು ಅದೇ ಕಂಪನಿಯ ಪಡೆ. ಕಂಪನಿಯವರು ಇಲ್ಲಿಂದ ಕೊಂಡೊಯ್ದ ಇನ್ನೊಂದು ಪದ ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿದೆ: ‘ಲೂಟ್’.

ನಾವು ಇಂಗ್ಲಿಷಿನ ವೈರಿಗಳಲ್ಲ. ಹಿಂದೆ ಶಾಲೆಯಲ್ಲಿ ನಾವೇ ಅದನ್ನು ಕಲಿಸಿದ್ದೇವೆ. ಕೂಲಿಯವನ ಮಗಳೂ ಅದನ್ನು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಭಾಷೆ ಕಲಿಸುವುದು ಬೇರೆ, ಭಾಷೆಯನ್ನು ಬೀಗವಾಗಿ ಜಡಿಯುವುದು ಬೇರೆ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನು ಬಂದದ್ದು 1963ರಲ್ಲಿ. ಇಷ್ಟು ವರ್ಷ ಕಳೆದರೂ ಬಡವನ ಹೆಬ್ಬೆಟ್ಟು ಬೀಳುವ ಕಾಗದ ಅವನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ, ಅದನ್ನು ಕರಾರು ಎನ್ನಬೇಕೋ ಬಲೆ ಎನ್ನಬೇಕೋ?

ಆ ವ್ಯಾಪಾರಿಯ ಕಾಗದವನ್ನು ನಾವು ಓದಿ ಹೇಳಿದೆವು. ಕಂತು ಒಂದು ದಿನ ತಪ್ಪಿದರೂ ಹೆಚ್ಚಿನ ಬಡ್ಡಿ ಎಂಬ ಮಾತು ಮೂರನೆಯ ಪುಟದ ಕೆಳಗಿತ್ತು. ಅವರು ಎರಡು ಬಾರಿ ತಪ್ಪಿದ್ದರು. ನಗುತ್ತಿದ್ದ ಮಹನೀಯರು ಚಹಾ ಮುಗಿಸಿ ಎದ್ದುಹೋದರು.

ಬಂಧುಗಳೇ, ಇನ್ನು ಮುಂದೆ ಯಾರೇ ಇಂಗ್ಲಿಷಿನ ಕಾಗದ ಚಾಚಿದರೂ ಲೇಖನಿ ಮುಟ್ಟಬೇಡಿ. “ಕನ್ನಡದಲ್ಲಿ ಕೊಡಿ, ಓದಿ ರುಜು ಹಾಕುತ್ತೇವೆ” ಎನ್ನಿ. ಒಬ್ಬರು ಹೇಳಿದರೆ ಗದರಿಸಿಯಾರು. ಕೇರಿಗೆ ಕೇರಿಯೇ ಹೇಳಿದರೆ ಕೊಟ್ಟೇ ಕೊಡುತ್ತಾರೆ. ಅಡಿಕೆಗೆ ಹೊರಗಿನವರು ಯಾವ ಹೆಸರನ್ನಾದರೂ ಇಟ್ಟುಕೊಳ್ಳಲಿ. ಅದರ ಲೆಕ್ಕ ಮಾತ್ರ ನಮಗೆ ತಿಳಿಯುವ ಮಾತಿನಲ್ಲಿರಬೇಕು.