ಹಸಿ ಕುಡಿಕೆ ಬಿರಿಯುವುದೇಕೆ?

ರಜೆಯಲ್ಲಿ ಮಕ್ಕಳ ಕೈಗೆ ಜೇಡಿಮಣ್ಣು ಸಿಕ್ಕಿತೆನ್ನಿ. ಮೊದಲ ದಿನ ಕುಡಿಕೆ ಮಾಡುತ್ತಾರೆ, ಮರುದಿನ ಬಿಸಿಲಿಗಿಡುತ್ತಾರೆ, ಸಂಜೆಗೆ ಅದು ಬಿರುಕು ಬಿಟ್ಟಿರುತ್ತದೆ. ‘ಇದೆಲ್ಲ ನಿನ್ನ ಕೈಲಾಗದು, ಹೋಗಿ ಓದಿಕೋ’ ಎಂದು ಹಿರಿಯರು ಹೇಳಿಬಿಡುತ್ತಾರೆ. ಅಲ್ಲಿಗೆ ಆ ಮಗುವಿನ ಕುಂಬಾರಿಕೆ ಮುಗಿಯಿತು. ಆದರೆ ಬಹುಪಾಲು ತಪ್ಪು ಕೈಯದಲ್ಲ, ಬಿಸಿಲಿನದು.

ಜೇಡಿಮಣ್ಣಿನ ಕಣಗಳು ಅತಿ ಸಣ್ಣ, ಚಪ್ಪಟೆ ಹಾಳೆಗಳಂಥವು. ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ಹನಿ ನೀರು ಹಾಕಿ ನೋಡಿ. ಅವು ಒಂದರ ಮೇಲೊಂದು ಜಾರುತ್ತವೆ, ಬಿಡಿಸಲು ಹೋದರೆ ಬಿಡುವುದಿಲ್ಲ. ಹದವಾದ ಮಣ್ಣಿನ ಗುಟ್ಟೂ ಇದೇ. ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಕೋಡುಬಳೆಯಂತೆ ಹೊಸೆದು ಬೆರಳಿಗೆ ಸುತ್ತಿ. ಬಿರಿಯದಿದ್ದರೆ ಹದ ಸರಿಯಾಗಿದೆ. ನೀರು ಸಾಕಷ್ಟಿದ್ದೂ ಬಿರಿದರೆ ಅದರಲ್ಲಿ ಮರಳು ಹೆಚ್ಚಿದೆ ಎಂದರ್ಥ.

ತಿಗರಿ ಬೇಕಿಲ್ಲ. ರೊಟ್ಟಿ ಹಿಟ್ಟಿನಂತೆ ಚೆನ್ನಾಗಿ ನಾದಿ, ಒಳಗಿನ ಗಾಳಿ ಹೋಗಲಿ. ಕಿತ್ತಳೆ ಗಾತ್ರದ ಉಂಡೆ ಮಾಡಿ ಎಡ ಅಂಗೈಯಲ್ಲಿಟ್ಟು, ಬಲಗೈ ಹೆಬ್ಬೆರಳನ್ನು ನಡುವೆ ಇಳಿಸಿ. ತಳ ತೂತಾಗದಿರಲಿ. ಉಂಡೆಯನ್ನು ತಿರುಗಿಸುತ್ತ, ಗೋಡೆಯನ್ನು ಬೆರಳುಗಳ ನಡುವೆ ಒತ್ತುತ್ತ ಬನ್ನಿ. ಆಕಾರ ಸೊಟ್ಟಗಾದರೂ ಚಿಂತೆಯಿಲ್ಲ, ದಪ್ಪ ಮಾತ್ರ ಎಲ್ಲೆಡೆ ಒಂದೇ ಇರಬೇಕು. ಸುಮಾರು ಅರ್ಧ ಸೆಂಟಿಮೀಟರ್ ಸಾಕು.

ಇನ್ನು ಒಣಗಿಸುವ ಮಾತು. ನೀರು ಆರಿದಂತೆ ಕಣಗಳು ಹತ್ತಿರ ಸರಿದು ಮಣ್ಣು ಕುಗ್ಗುತ್ತದೆ. ಬಿಸಿಲಲ್ಲಿ ತೆಳು ಅಂಚು ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ಅಂಚು ಸೀಳುತ್ತದೆ. ಆದ್ದರಿಂದ ಕುಡಿಕೆಯನ್ನು ನೆರಳಲ್ಲಿಟ್ಟು, ಮೊದಲೆರಡು ದಿನ ಅಂಚಿಗೆ ಒದ್ದೆ ಬಟ್ಟೆ ಹೊದಿಸಿ. ಜೊತೆಗೆ ಅದೇ ಮಣ್ಣಿನ ಪಟ್ಟಿಯೊಂದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ದಿನವೂ ಅಳೆಯಿರಿ. ಒಣಗುವಷ್ಟರಲ್ಲಿ ಅದು ಅರ್ಧದಿಂದ ಒಂದು ಸೆಂ.ಮೀ.ನಷ್ಟು ಕುಗ್ಗುವುದು ಸಾಮಾನ್ಯ. ಪಟ್ಟಿಯನ್ನು ತೂಗಿಯೂ ನೋಡಿ. ಕುಗ್ಗುವುದು ನಿಂತ ಮೇಲೂ ತೂಕ ಇಳಿಯುತ್ತಿರುತ್ತದೆ. ಏಕೆ? ಉತ್ತರವನ್ನು ನೀವೇ ಯೋಚಿಸಿ.

ಒಣಗಿದ ಕುಡಿಕೆಯನ್ನು ನೀರಲ್ಲಿಟ್ಟರೆ ಮತ್ತೆ ಕೆಸರಾಗುತ್ತದೆ. ಸುಟ್ಟದ್ದು ಆಗುವುದಿಲ್ಲ. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಪಾಠದಲ್ಲಿ ಬಾಯಿಪಾಠ ಮಾಡುವುದು ಇದನ್ನೇ. ಜೇಡಿಯ ಕಣದೊಳಗೇ ರಾಸಾಯನಿಕವಾಗಿ ಕೂಡಿಕೊಂಡ ನೀರಿನ ಅಂಶವಿದೆ. ಬಿಳಿ ಜೇಡಿಯಾದ ಕೆಯೊಲಿನ್‌ನಲ್ಲಿ ಅದು ತೂಕದ ಸುಮಾರು ಶೇ. 14. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೂ ಹೊರಟುಹೋಗುತ್ತದೆ. ಆಮೇಲೆ ನೆನೆಸಿದರೂ ಹಳೆಯ ಮಣ್ಣಾಗದು.

ತಂದೆತಾಯಿಯರಲ್ಲಿ ಒಂದು ವಿನಂತಿ. ಗ್ಯಾಸ್ ಒಲೆಯ ಮೇಲೆ ಸುಡಲು ಬಿಡಬೇಡಿ. ಒಂದು ಮಿಲಿಲೀಟರ್ ನೀರು ಕುದ್ದು ಆವಿಯಾದರೆ ಸುಮಾರು 1,700 ಮಿಲಿಲೀಟರ್ ಜಾಗ ಬೇಡುತ್ತದೆ. ಒಳಗೆ ತೇವ ಉಳಿದಿದ್ದರೆ ಕುಡಿಕೆ ಸಿಡಿದು ಚೂರು ಕಣ್ಣಿಗೆ ಬಡಿದೀತು. ಊರಿನ ಕುಂಬಾರರನ್ನು ಕೇಳಿ, ಆವಿಗೆಯ ಮೂಲೆಯಲ್ಲಿ ಒಂದು ಕುಡಿಕೆಗೆ ಜಾಗ ಕೊಟ್ಟಾರು. ಮಕ್ಕಳನ್ನೂ ಕರೆದೊಯ್ಯಿರಿ. ಆವಿಗೆಯನ್ನು ಮೊದಲು ಸಣ್ಣ ಉರಿಯಲ್ಲೇ ಏಕೆ ಕಾಯಿಸುತ್ತಾರೆಂದು ಅವರ ಬಾಯಿಂದಲೇ ಕೇಳಲಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಈ ಕಸುಬನ್ನು ಕಲಿಸುವ ಸಂಸ್ಥೆಯೇ ಇದೆ.

ಮೊದಲ ಕುಡಿಕೆ ಬಿರಿದರೆ ಎಸೆಯಬೇಡಿ. ಪುಡಿ ಮಾಡಿ, ನೆನೆಸಿ, ಮತ್ತೆ ನಾದಿ. ಸುಟ್ಟ ಮೇಲೆ ಒಡೆದರೆ ಮಾತ್ರ ಅದು ಬೋಕಿ, ಕುಂಟಾಬಿಲ್ಲೆ ಆಡಲು ಆದೀತು.